ತಿಪ್ಪೆಯಲ್ಲಿ ಕರಗದ್ದು

ನಾನು ಮದುವೆಯಾಗಿ ಮರಾಠಿ ನಾಡಿನ ಗಡಿಯೊಳಗಿನ ಸನಮಡಿಗೆ ಬಂದ ಮೊದಲ ತಿಂಗಳೇ ಅತ್ತೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತಿಪ್ಪೆ ತೋರಿಸಿದರು. ಅದಕ್ಕೂ ಮೊದಲು ದೇವರ ಮನೆ, ಅಡಿಗೆ ಮನೆ, ಜೋಳ ತುಂಬಿಡುವ ಕೋಣೆ ತೋರಿಸಿದ್ದರು. ಅದೇ ಧಾಟಿಯಲ್ಲಿ ಇದನ್ನೂ ತೋರಿಸಿದರು. ತಿಪ್ಪೆಯ ಒಂದು ಮೂಲೆ, ಬೇವಿನ ಗಿಡದ ಬುಡಕ್ಕೆ ಹತ್ತಿದ್ದು, ಹೆಂಗಸರದು. ಮುಟ್ಟಿನ ಬಟ್ಟೆ ಒಗೆದು ಒಗೆದು ಹಿಂಜಿಹೋದ ಮೇಲೆ ಅದನ್ನು ಅಲ್ಲಿ ಕೆದರಿ ಹುಗಿಯಬೇಕು, ಮೇಲೆ ಸಗಣಿ ಎಳೆಯಬೇಕು.

"ಯಾರಿಗೂ ಕಾಣಬಾರ್ದು ನೋಡ. ಒಳಗ ಹಾಕಿ ಮರತಬಿಡು. ತಿಪ್ಪಿ ಎಲ್ಲಾ ತಿಂತೈತಿ," ಎಂದರು.

ಆಗ ತಿಪ್ಪೆ ನಿಜಕ್ಕೂ ತಿನ್ನುತ್ತಿತ್ತು. ಹಳೆಯ ಇಳಕಲ್ ಸೀರೆಯ ತುಂಡು ಎಷ್ಟು ದಿನ ಬಾಳೀತು? ಬೇಸಿಗೆಯಲ್ಲಿ ಗಂಡಸರು ತಿಪ್ಪೆ ಒಡೆದು ಹೊಲಕ್ಕೆ ಹೇರುವಾಗ ಅಲ್ಲಿ ಕರಿ ಗೊಬ್ಬರ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆ ಗೊಬ್ಬರದಲ್ಲಿ ಬೆಳೆದ ಜೋಳದ ರೊಟ್ಟಿಯನ್ನೇ ಭಾವ, ಅಂದರೆ ನನ್ನ ಗಂಡನ ಅಣ್ಣ, ಎಣಗಾಯಿ ಹಚ್ಚಿಕೊಂಡು ಬೆರಳು ನೆಕ್ಕಿ ಉಂಡರು. ಮುಟ್ಟಾದವಳ ನೆರಳು ಬಿದ್ದರೆ ತುಳಸಿ ಒಣಗುತ್ತದೆ ಎಂದು ನಂಬಿದ ಮನುಷ್ಯ ಅವರು. ಅವರ ಹೊಟ್ಟೆಗೆ ವರ್ಷವರ್ಷವೂ ಏನೇನು ಹೋಗಿದೆ ಎಂದು ನೆನೆದು ನಾನು ಒಲೆಯ ಮುಂದೆ ಕೂತು ಒಬ್ಬಳೇ ನಕ್ಕಿದ್ದುಂಟು.

ಮುಂದೆ ನಾನು ಹತ್ತಿರದ ಊರಿನ ಕನ್ನಡ ಸಾಲೆಗೆ ಕಲಿಸಲು ಹೋಗತೊಡಗಿದೆ. ಎಸ್‌ಟಿ ಬಸ್ಸಿನಲ್ಲಿ ನಿಂತು ಹೋಗುವುದು, ಹೊತ್ತು ಮುಳುಗುವ ಹೊತ್ತಿಗೆ ನಿಂತು ಬರುವುದು. ಹೀಗಾಗಿ ಪ್ಯಾಡು ನಮ್ಮ ಮನೆಗೆ ಬಂತು. ಬಂದದ್ದು ನಾಡಬಾಂಬು ಬಂದ ಹಾಗೆ. ತಾಲೂಕಿನ ಊರಾದ ಜತ್ತದ ಔಷಧಿ ಅಂಗಡಿಯವನು ಅದನ್ನು ಮೊದಲು ಮರಾಠಿ ಪೇಪರಿನಲ್ಲಿ ಸುತ್ತಿದ, ಆಮೇಲೆ ಕರಿ ಪ್ಲಾಸ್ಟಿಕ್ಕಿನ ಪಿಶವಿಯಲ್ಲಿ, ಅಂದರೆ ಚೀಲದಲ್ಲಿ, ಹಾಕಿದ, ಆಮೇಲೆ ಅತ್ತಿತ್ತ ನೋಡಿ ಕೈಗೆ ಕೊಟ್ಟ. ಅದೇ ಅಂಗಡಿಯಲ್ಲಿ ಜುಲಾಬಿನ ಗುಳಿಗೆಯನ್ನು ಬರಿಗೈಯಲ್ಲಿ ಕೊಡುತ್ತಾನೆ, ಹೇಗೆ ತೆಗೆದುಕೊಳ್ಳಬೇಕೆಂದು ಜೋರಾಗಿ ಕೂಗಿಯೂ ಹೇಳುತ್ತಾನೆ. ಹೆಂಗಸರು ಕರಿ ಪಿಶವಿ ಹಿಡಿದು ಹೊರಟರೆ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಒಳಗೇನಿದೆ ಎಂದು ಗೊತ್ತು. ಬೇರೆ ಯಾವ ಸಾಮಾನಿಗೂ ಅಷ್ಟು ಮರ್ಯಾದೆ ಇಲ್ಲ.

ಟಿವಿಯಲ್ಲಿ ಅದರ ಜಾಹೀರಾತು ಬರುತ್ತಿತ್ತು. ಬಿಳಿ ಪ್ಯಾಂಟು ಹಾಕಿಕೊಂಡ ಹುಡುಗಿ ಓಡುತ್ತಾಳೆ, ಜಿಗಿಯುತ್ತಾಳೆ, ಪ್ಯಾಡಿನ ಮೇಲೆ ಯಾರೋ ನೀಲಿ ನೀರು ಸುರಿಯುತ್ತಾರೆ. ಅತ್ತೆ ಅದನ್ನು ಕಣ್ಣು ಕಿರಿದು ಮಾಡಿ ನೋಡಿ, "ಈಕಿಗ ಏನ ರೋಗ ಐತಿ? ನೀಲಿ ಹೋಗ್ಲಾಕತೈತಿ," ಎಂದು ಕೇಳಿದ್ದರು. ಆ ಹುಡುಗಿ ಓಡಿದ ಮೇಲೆ ಪ್ಯಾಡನ್ನು ಎಲ್ಲಿ ಎಸೆಯುತ್ತಾಳೆ ಎಂಬುದನ್ನು ಇಷ್ಟು ವರ್ಷದಲ್ಲಿ ಒಂದು ಜಾಹೀರಾತಾದರೂ ತೋರಿಸಿದ್ದನ್ನು ನಾನು ಕಂಡಿಲ್ಲ. ಪಾಕೀಟಿನ ಹಿಂದೆ ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಎಂದು. ಜತ್ತದ ಓಣಿಗಳಿಗೆ ಘಂಟಾಗಾಡಿ ಬಂದು ಕಸ ಒಯ್ಯುತ್ತದೆ. ಸನಮಡಿಯಲ್ಲಿ ಕಸ ಒಯ್ಯುವುದು ಗಾಳಿ ಒಂದೇ.

ಅದಕ್ಕೇ ನಾವೂ ಅತ್ತೆ ತೋರಿಸಿದ ಮೂಲೆಯಲ್ಲೇ ಹುಗಿದೆವು. ಓಣಿಯ ಎಲ್ಲ ಮನೆಗಳಲ್ಲೂ ಅಷ್ಟೇ. ಬಟ್ಟೆ ಹೋಗಿ ಪ್ಲಾಸ್ಟಿಕ್ಕು ಬಂದಿತ್ತು, ಅದಕ್ಕೆ ಇನ್ನೊಂದು ಪ್ಲಾಸ್ಟಿಕ್ಕಿನ ಕರಿ ಅಂಗಿ ತೊಡಿಸುತ್ತಿದ್ದೆವು, ತಿಪ್ಪೆ ಮಾತ್ರ ಅದೇ. ವರ್ಷಕ್ಕೊಮ್ಮೆ ಅದು ಹೊಲ ಸೇರುತ್ತಿತ್ತು. ಕುಂಟೆ ಹೊಡೆಯುವಾಗ ಬಿಳಿ ಚಿಂದಿಗಳು ಅದರ ಅಲಗಿಗೆ ಸಿಕ್ಕಿ ಬರುತ್ತಿದ್ದವು. ಗಂಡಸರಿಗೆ ಅವು ಏನೆಂದು ಗೊತ್ತಾಗುತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. "ಯಾವದೋ ಪಿಶವಿ" ಎಂದು ಕಾಲಿನಿಂದ ಒಡ್ಡಿಗೆ ತಳ್ಳಿ ಮುಂದೆ ಹೋಗುತ್ತಿದ್ದರು. ಕಂಡೂ ಕಾಣದಂತಿರುವ ಕಲೆಯಲ್ಲಿ ನಮ್ಮ ಮನೆಯ ಗಂಡಸರನ್ನು ಮೀರಿಸಿದವರಿಲ್ಲ.

ಸಾಲೆಯಲ್ಲಿಯೂ ಇದೇ ಕತೆ, ಮೇಲೆ ಹೂವಿನ ಹಾರ ಬೇರೆ. ಯಾರೋ ದಾನಿಗಳು ಪ್ಯಾಡು ಸುಡುವ ಯಂತ್ರ ಕೊಟ್ಟರು. ರಿಬ್ಬನ್ ಕತ್ತರಿಸಲು ಬಂದವರೆಲ್ಲ ಗಂಡಸರು, ಭಾಷಣ ಮಾಡಿದವರೂ ಅವರೇ, ಭಾಷಣದುದ್ದಕ್ಕೂ ಅದನ್ನು "ಆ ವಿಷಯ" ಎಂದರು. ಯಂತ್ರ ಹಾಳಾಗಬಾರದೆಂದು ಅದನ್ನಿಟ್ಟ ಕೋಣೆಗೆ ಕೀಲಿ ಹಾಕಿದರು. ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ. ಮುಟ್ಟಾದ ಹುಡುಗಿ ಅವರ ಮುಂದೆ ನಿಂತು ಕೀಲಿ ಕೇಳಬೇಕಂತೆ. ಯಾವ ಹುಡುಗಿಯೂ ಕೇಳಲಿಲ್ಲ, ಯಂತ್ರ ಇವತ್ತಿಗೂ ಹೊಸದಾಗಿದೆ. ಪ್ಯಾಡುಗಳು ಸಾಲೆಯ ಹಿಂದಿನ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿವೆ. ಶನಿವಾರ ಸ್ವಚ್ಛತೆಯ ಹೆಸರಿನಲ್ಲಿ ಅಲ್ಲೇ ಬೆಂಕಿ ಹಚ್ಚುತ್ತಾರೆ, ಆ ಹೊಗೆಯಲ್ಲಿ ನಾನು ಮಕ್ಕಳಿಗೆ ಪರಿಸರದ ಪಾಠ ಹೇಳುತ್ತೇನೆ.

ನನಗೆ ಮುಟ್ಟು ನಿಂತಿತು. ಭಾವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇನ್ನು ತಿಪ್ಪೆಯ ಆ ಮೂಲೆಗೆ ಹೋಗುವವರು ಯಾರೂ ಇಲ್ಲ ಎನ್ನುವಷ್ಟರಲ್ಲಿ ಭಾವನ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಮಗ ದ್ರಾಕ್ಷಿಯ ಗಾಡಿ ಓಡಿಸುತ್ತಾನೆ, ತಿಂಗಳಲ್ಲಿ ಅರ್ಧ ಹೊರಗೇ. ಹುಡುಗಿ ಬಿ.ಎಸ್ಸಿ. ಓದುತ್ತಿದ್ದಳು. ಓದು ಮುಗಿಸಲು ಬಿಡುತ್ತೇವೆ ಎಂದು ಭಾವ ಮಾತು ಕೊಟ್ಟೇ ಅವಳನ್ನು ತಂದಿದ್ದರು. ಆ ಮಾತಿಗೆ ಓಣಿಯಲ್ಲಿ ಅವರಿಗೆ ಒಳ್ಳೆಯ ಹೆಸರೂ ಬಂದಿತ್ತು. ದಿನಾ ಮುಂಜಾನೆ ಬಸ್ಸು ಹಿಡಿದು ಜತ್ತಕ್ಕೆ ಹೋಗುತ್ತಾಳೆ, ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಮಧ್ಯಾಹ್ನವೆಲ್ಲ ನಿಂತಿರುತ್ತಾಳೆ. ಬಂದ ಮೊದಲ ತಿಂಗಳು ಅತ್ತೆ ಅವಳನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ಅಡಿಗೆ ಮನೆಯ ಕಿಟಕಿಯಿಂದ ನೋಡಿದೆ. ಮಾತೂ ಅದೇ, ಬೆರಳು ತೋರಿಸಿದ್ದೂ ಅದೇ ಬೇವಿನ ಬುಡಕ್ಕೆ.

ಈ ವರ್ಷ ಯುಗಾದಿ ಮುಗಿದ ಮೇಲೆ ತಿಪ್ಪೆ ಒಡೆದು ಮನೆಯ ಹತ್ತಿರದ ಹೊಲಕ್ಕೆ ಹೇರಿದರು. ಅದರ ಬೆನ್ನಿಗೇ ಮಾಡಗ್ಯಾಳದ ಕುರಿಗಾರ ಕಾಕಾ ತನ್ನ ಹಿಂಡು ತಂದು ನಮ್ಮ ಹೊಲದಲ್ಲಿ ನಿಲ್ಲಿಸಿದ. ಪ್ರತಿ ಬೇಸಿಗೆ ಬರುವವನು ಆತ. ಕುರಿಗಳು ರಾತ್ರಿ ಹೊಲದಲ್ಲಿ ಮಲಗುತ್ತವೆ, ಹಿಕ್ಕೆ ಹೊಲಕ್ಕೆ, ರೊಟ್ಟಿ ಅವನಿಗೆ. ಬಿಸಿಲಿಗೆ ಹುಲ್ಲಿನ ಎಸಳೂ ಉಳಿದಿರಲಿಲ್ಲ. ಹಸಿದ ಕುರಿಗಳು ಗೊಬ್ಬರದ ಗುಪ್ಪೆಗಳಲ್ಲಿ ಮೂತಿ ಇಟ್ಟು ಏನು ಸಿಕ್ಕರೂ ಎಳೆದು ತಿನ್ನತೊಡಗಿದ್ದವು.

ಒಂದು ಮುಂಜಾನೆ ಭಾವ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಕಾಕಾ ಬಂದ. ಕೈಯಲ್ಲಿ ಹಳೆಯ ಗೋಣಿಯ ತುಂಡು. ಅದನ್ನು ಕಟ್ಟೆಯ ಮೇಲೆ, ಭಾವನ ಚಹಾದ ಬಸಿಯ ಪಕ್ಕಕ್ಕೇ ಬಿಚ್ಚಿದ.

"ಅಣ್ಣಾರ, ನನ್ನ ಕುರಿ ಸತ್ತೈತ್ರಿ. ಎರಡ ಮರಿ ಇನ್ನಾ ಹಾಲ ಕುಡೀಲಾಕತ್ತಿದ್ವು. ಮೇವ ಬಿಟ್ಟಿತ್ತು, ಹೊಟ್ಟಿ ಬಿಗದ ಬಿತ್ತು. ಹರದ ನೋಡಿದ್ರ ಒಳಗ ಇದು. ನೋಡ್ರಿ, ಸಾಬೂದಾಣಿ ನೆನಿ ಇಟ್ಟಂಗ ಹೆಂಗ ಉಬ್ಬೇತಿ."

ನಾನು ಬಾಗಿಲಲ್ಲಿ ನಿಂತು ನೋಡಿದೆ. ಪ್ಲಾಸ್ಟಿಕ್ಕಿನ ಹಾಳೆ ಮುದ್ದೆಯಾಗಿ ಸುತ್ತಿಕೊಂಡಿತ್ತು, ನಡುವೆ ಲೋಳೆಯಂಥ ಕಾಳುಗಳು. ನೀಲಿ ನೀರು ಹೀರಿಕೊಳ್ಳುತ್ತದೆ ಎಂದು ಟಿವಿಯಲ್ಲಿ ಹೊಗಳುವ ಕಾಳುಗಳು ಇವೇ. ಭಾವ ಬಸಿಯನ್ನು ದೂರ ಸರಿಸಿದರು. ಅವರು ಪ್ರತಿ ಏಕಾದಶಿಗೆ ಸಾಬೂದಾಣಿಯ, ಅಂದರೆ ಸಬ್ಬಕ್ಕಿಯ, ಖಿಚಡಿ ತಿನ್ನುವವರು. ಆಮೇಲೆ ಬಂದ ಏಕಾದಶಿಗೆ ತಟ್ಟೆ ಸರಿಸಿ ಬಾಳೆಹಣ್ಣು ಬೇಡಿದರು.

ಕುರಿಯ ಮಾತು ಲಗುಬಗೆಯಲ್ಲಿ ಮುಗಿಯಿತು. ನಮ್ಮ ಕೊಟ್ಟಿಗೆಯ ಒಂದು ಹಾಲಿನ ಕುರಿಯನ್ನು ಭಾವ ಅವನ ಕೈಗೆ ಕೊಟ್ಟರು. ಆ ಹೊಲ ಬಿಟ್ಟು ಬೇರೆ ಕಡೆ ಹಿಂಡು ನಿಲ್ಲಿಸಲು ಹೇಳಿದರು. ಅವನು ಒಪ್ಪಿದ. ಅಲ್ಲಿಗೆ ನಿಲ್ಲಬೇಕಿತ್ತು. ಇಲ್ಲವೇ, ಇಂಥದ್ದು ಇನ್ನೆಷ್ಟು ನಮ್ಮ ಹೊಲದಲ್ಲಿದೆ, ಅದನ್ನು ಏನು ಮಾಡೋಣ ಎಂದಾದರೂ ಕೇಳಬೇಕಿತ್ತು. ನಮ್ಮವರು ಕೇಳಿದ್ದು ಬೇರೆ.

"ಇದು ಯಾರ ಕೆಲಸ?" ಎಂದರು ಭಾವ.

ಆಡು ಮುಟ್ಟದ್ದನ್ನೂ ಮೂಸಿ ನೋಡುವ ಓಣಿಯ ಇಬ್ಬರು ಹಿರಿಯರು ಅಷ್ಟೊತ್ತಿಗೆ ಬಂದು ಕಟ್ಟೆಗೆ ಕೂತಿದ್ದರು. ನನ್ನ ಗಂಡ ಕಂಬಕ್ಕೆ ಒರಗಿ ತಮ್ಮ ಚಪ್ಪಲಿಯ ಬಾರು ಪರೀಕ್ಷಿಸುತ್ತಿದ್ದರು. ಅಣ್ಣನ ಮುಂದೆ ಅವರು ಬಾಯಿ ಬಿಡುವುದು ಆಕಳಿಸಲು ಮಾತ್ರ. ಯಾರ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು. ಈ ಮನೆಯಲ್ಲಿ ಈಗ ಮುಟ್ಟಾಗುವವಳು ಒಬ್ಬಳೇ. ಒಳಗೆ ಸೊಸೆ ಹಿಟ್ಟು ನಾದುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ಮೂಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ ಅತ್ತೆ ಕುಟ್ಟಿದ ಎಲೆಅಡಿಕೆ ಉಗುಳಿ ಬಾಯಿ ಒರೆಸಿಕೊಂಡರು.

"ನಂದು," ಎಂದರು.

ಹಿರಿಯರಲ್ಲೊಬ್ಬರು ಕೆಮ್ಮಿದರು. ಅತ್ತೆಗೆ ಬಾಯಲ್ಲಿ ಹಲ್ಲಿಲ್ಲ, ಕೋಲಿಲ್ಲದೆ ಏಳಲಾಗುವುದಿಲ್ಲ.

"ಯವ್ವಾ, ನೀ ಸುಮ್ಮ ಕುಂದರ," ಎಂದರು ಭಾವ.

"ಯಾಕ ಕುಂದರ್ಲಿ? ಹುಗಿಯೂ ಜಾಗಾ ಆಕಿಗಿ ತೋರ್ಸಿದಾಕಿ ನಾ. ನನಗ ನಮ್ಮತ್ತಿ ತೋರ್ಸಿದ್ಲು. ಆಕಿನ್ನೂ ಕರಸ್ತಿ ಏನ ಪಂಚಾಯ್ತಿಗಿ?"

ಭಾವ ಅಡಿಗೆ ಮನೆಯ ಕಡೆ ಮುಖ ಮಾಡಿ ತೀರ್ಪು ಕೊಟ್ಟರು. ನಾಳೆಯಿಂದ ಕಾಲೇಜು ಬಂದ್. ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಇಂಥದ್ದು ಬೇಕಾಗುವುದಿಲ್ಲ, ಮೊದಲಿನಂತೆ ಹಳೆಯ ಬಟ್ಟೆಯ ಅರಿವೆ ಸಾಕು, ಅರಿವೆಯಿಂದ ಯಾವ ಕುರಿಯೂ ಸತ್ತಿಲ್ಲ. ಹಿರಿಯರು ತಲೆ ಆಡಿಸಿದರು. ಕೊನೆಯ ವರ್ಷದ ಪರೀಕ್ಷೆ ಎದುರಿಗೇ ಇತ್ತು. ಪ್ರಾಕ್ಟಿಕಲ್ ತಪ್ಪಿದರೆ ವರ್ಷವೇ ಹೋಗುತ್ತದೆ. ಮತ್ತೊಂದು ವರ್ಷ ಈ ಮನೆ ಅವಳನ್ನು ಬಸ್ಸು ಹತ್ತಿಸುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಭಾವಾರ, ಕುರಿ ಪ್ಲಾಸ್ಟಿಕ್ ತಿಂದ ಸತ್ತೈತ್ರಿ. ಕೆಮಿಸ್ಟ್ರಿ ತಿಂದ ಸತ್ತಿಲ್ಲ," ಎಂದೆ.

ಭಾವ ನನ್ನೊಡನೆ ನೇರ ಮಾತಾಡುವುದಿಲ್ಲ. ತಮ್ಮನ ಹೆಂಡತಿ ಎಂಬ ಮರ್ಯಾದೆಯಂತೆ. ಅತ್ತೆಯ ಕಡೆ ನೋಡಿ, "ಯವ್ವಾ, ಸಾಲ್ಯಾಗಿನ ಪಾಠ ಸಾಲ್ಯಾಗ ಇರ್ಲಿ ಅಂತ ಹೇಳ ಆಕಿಗಿ," ಎಂದರು.

ಆಗ ಸೊಸೆ ಹೊಸ್ತಿಲಿಗೆ ಬಂದಳು. ತಲೆಯ ಮೇಲೆ ಸೆರಗು, ಕೈಗೆ ಹಿಟ್ಟು. ಅಳುತ್ತಾಳೆ ಎಂದುಕೊಂಡಿದ್ದೆ. ದನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ.

"ಮಾಮಾರ, ನೀವು ಹೇಳಿದಂಗ ಅರಿವೀನ ಕಟ್ಟಕೋತೀನ್ರಿ. ಕಾಲೇಜಿಗೂ ಅದನ್ನ ಕಟ್ಟಕೊಂಡ ಹೋಗ್ತೀನ್ರಿ. ತಿಪ್ಪಿಗಿ ಏನೂ ಹಾಕೂದಿಲ್ರಿ. ಕಾಲೇಜ ಬಿಡಸಬ್ಯಾಡ್ರಿ."

ತಾವೇ ಕೇಳಿದ್ದು ಸಿಕ್ಕಿಬಿಟ್ಟರೆ ಮುಂದೇನು ಹೇಳಬೇಕೆಂದು ಗಂಡಸರಿಗೆ ತಿಳಿಯುವುದಿಲ್ಲ. ಅವಳೇ ಮುಂದುವರಿಸಿದಳು.

"ಅರಿವಿ ಒಗದ ಬಿಸಲಾಗ ಒಣಗಸಬೇಕ್ರಿ, ಇಲ್ಲಂದ್ರ ರೋಗ ಹತ್ತತಾವ್ರಿ. ಹಿತ್ತಲದಾಗ ಈಗ ಬಿಸಲಿಲ್ರಿ."

"ಎಲ್ಲಿ ಬೇಕಲ್ಲಿ ಒಣಗಿಸ್ಕೊ. ಅದನ್ನೂ ನನ್ನ ಮುಂದ ಹೇಳಬೇಕ?" ಎಂದು ಭಾವ ಸಿಡುಕಿದರು.

"ಹೌದ್ರಿ ಮಾಮಾರ," ಎಂದು ಅವಳು ಒಳಗೆ ಹೋದಳು. ಕುರಿಯ ಕಾಕಾ, ಇಬ್ಬರು ಹಿರಿಯರು, ನನ್ನ ಗಂಡ, ಎಲ್ಲರೂ ಕೇಳಿಸಿಕೊಂಡ ಮಾತು ಅದು. ಭಾವ ತಾವು ಏನಕ್ಕೆ ಒಪ್ಪಿದೆವು ಎಂದು ತಿಳಿಯದೆ ಆರಿದ ಚಹಾ ಎತ್ತಿ ಕುಡಿದರು. ಹಿತ್ತಲಿಗೆ ಬಿಸಿಲು ಬರದಂತೆ ಟ್ರ್ಯಾಕ್ಟರಿಗೆ ತಗಡಿನ ಶೆಡ್ಡು ಕಟ್ಟಿಸಿದವರು ಅವರೇ. ಮನೆಯಲ್ಲಿ ಬಿಸಿಲು ಬೀಳುವ ಜಾಗ ಈಗ ಒಂದೇ, ಮುಂದಿನ ಅಂಗಳ. ಅಲ್ಲಿರುವ ತಂತಿಯ ಮೇಲೆ ಅವರ ಧೋತರ ಮತ್ತು ತಲೆಗೆ ಸುತ್ತುವ ಬಿಳಿ ಪಟಗ ಒಣಗುತ್ತವೆ.

ಮರುದಿನದಿಂದ ನಾವು ಹೊಲದಲ್ಲಿ ಬಿದ್ದ ಪ್ಯಾಡು ಆರಿಸಲು ಹೋದೆವು, ನಾನು ಮತ್ತು ಸೊಸೆ. ಗಂಡಸರು ಮುಟ್ಟುವುದಿಲ್ಲ, ಕೂಲಿಗೆ ಬರುವವರಿಗೆ ಹೇಳಲು ನಾಚಿಕೆ. ಅತ್ತೆ ಒಡ್ಡಿನ ಮೇಲೆ ಕೂತು ಕೋಲಿನಿಂದ ತೋರಿಸಿದರು. ಯೂರಿಯಾದ ಖಾಲಿ ಚೀಲಗಳು ತುಂಬತೊಡಗಿದವು. ಕೆಲವು ಹೋದ ತಿಂಗಳಿನವು, ಕೆಲವು ಎಷ್ಟು ಹಳೆಯವೋ. ಒಂದನ್ನು ಎಳೆದಾಗ ನನಗೆ ಗುರುತು ಸಿಕ್ಕಿತು. ದಪ್ಪನೆಯ, ಎರಡೂ ತುದಿಗೆ ಉದ್ದ ಬಾಲವಿದ್ದ ಜಾತಿ, ಅಂಗಡಿಗಳಲ್ಲಿ ಅದು ಸಿಗುವುದು ನಿಂತು ಕಾಲವಾಗಿದೆ. ನಾನು ಸಾಲೆಗೆ ಸೇರಿದ ಹೊಸದರಲ್ಲಿ ತರುತ್ತಿದ್ದದ್ದು ಅದೇ. ಅಂದಿನಿಂದ ನನ್ನ ಕೂದಲು ಬೆಳ್ಳಗಾದವು, ಮೊಣಕಾಲು ಹೋದವು, ಮುಟ್ಟೇ ನಿಂತುಹೋಯಿತು. ಅದರ ಪ್ಲಾಸ್ಟಿಕ್ಕು ಮಾತ್ರ ಎಲ್ಲೂ ಹರಿಯದೆ ಕೂತಿತ್ತು. ನಾನು ಸತ್ತು ಮಣ್ಣಾದ ಮೇಲೂ ಅದು ಹಾಗೇ ಇರುತ್ತದೆ ಎಂದು ಹೊಳೆದಾಗ ನನಗೆ ಸಿಟ್ಟು ಬಂತು, ಮಾಡಿ ಮಾರಿದವರ ಮೇಲೂ, ನೀಲಿ ನೀರಿನ ಮೇಲೂ.

"ಸಣ್ಣತ್ತಿ, ಇದನ್ನೆಲ್ಲಾ ಎಲ್ಲಿ ಹಾಕೂದ್ರಿ?" ಎಂದು ಸೊಸೆ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಒಂದು ಚೀಲಕ್ಕೆ ಒಡ್ಡಿನ ಬದಿಯಲ್ಲಿ ಬೆಂಕಿ ಹಚ್ಚಿ ನೋಡಿದೆವು. ಅರ್ಧ ಉರಿಯಿತು, ಅರ್ಧ ಕರಗಿ ಮಣ್ಣಿಗೆ ಅಂಟಿಕೊಂಡು ಕರಿ ಹೆಂಟೆಯಾಯಿತು. ಹೊಗೆ ಊರ ಮೇಲೆ ಹೋಗಿ, ಯಾರ ಮನೆಯಲ್ಲಿ ಏನು ಸುಡುತ್ತಿದ್ದಾರೆ ಎಂದು ಕೇಳಲು ಜನ ಬಂದರು. ಹಳ್ಳಕ್ಕೆ ಒಗೆದುಬಿಡಿ ಎಂದು ಕಟ್ಟೆಯ ಹಿರಿಯರೊಬ್ಬರು ಸಲಹೆ ಕೊಟ್ಟರು. ಅದೇ ಹಳ್ಳದ ದಂಡೆಯ ಬಾವಿಯಿಂದ ಅವರ ಮನೆಗೆ ಕುಡಿಯುವ ನೀರು ಹೋಗುತ್ತದೆ. ನಾನು ಅದನ್ನು ಹೇಳಿದೆ. ಅವರು ಮತ್ತೆ ಸಲಹೆ ಕೊಡಲಿಲ್ಲ. ಕೊನೆಗೆ ಚೀಲಗಳ ಬಾಯಿ ಹೊಲಿದು ಹಿತ್ತಲಿನಲ್ಲಿ ಟ್ರ್ಯಾಕ್ಟರ್ ಶೆಡ್ಡಿನ ಗೋಡೆಗೆ ಆನಿಸಿ ಇಟ್ಟೆವು.

ಮುಂದಿನ ತಿಂಗಳು ಸೊಸೆ ಮುಟ್ಟಾದಳು. ಅತ್ತೆಯ ಹಳೆಯ ಸೀರೆ ಹರಿದು ಮಡಿಕೆ ಮಾಡಿಕೊಟ್ಟದ್ದು ನಾನೇ. ಈ ಅರಿವೆಯನ್ನು ಹೊಗಳಿ ಭಾಷಣ ಮಾಡುವವರೂ ಈಗ ಬಂದಿದ್ದಾರೆ, ನಮ್ಮ ಸಂಸ್ಕೃತಿ, ಪ್ರಕೃತಿ ಎಂದು. ಅವರು ಅದನ್ನು ಕಟ್ಟಿಕೊಂಡು ಒಂದು ದಿನ ಎಸ್‌ಟಿಯಲ್ಲಿ ನಿಂತು ಜತ್ತಕ್ಕೆ ಹೋಗಿ ಬರಲಿ. ತೊಡೆ ಕೆಂಪಾಗಿ ಸುಲಿದು ಬರುತ್ತದೆ. ಬದಲಿಸಿದ್ದನ್ನು ಡಬ್ಬಿಯಲ್ಲಿ ಮುಚ್ಚಿ ಕೆಮಿಸ್ಟ್ರಿ ಪುಸ್ತಕದ ಪಕ್ಕದಲ್ಲೇ ಹೊತ್ತು ತರಬೇಕು. ಹುಡುಗಿ ಅದನ್ನೆಲ್ಲ ಮಾಡಿದಳು. ಮನೆಗೆ ಬಂದು ಒಗೆದಳು. ಮುಂಜಾನೆ ಮುಂದಿನ ಅಂಗಳದ ತಂತಿಯ ಮೇಲೆ, ಮಾವನ ಧೋತರ ಮತ್ತು ಪಟಗದ ನಡುವೆ ಉಳಿದಿದ್ದ ಜಾಗದಲ್ಲಿ, ಸಾಲಾಗಿ ಹರವಿ ಚಿಮಟಿ ಹಾಕಿದಳು. ಕಲೆ ಪೂರಾ ಹೋಗಿರಲಿಲ್ಲ. ಎಷ್ಟು ಒಗೆದರೂ ಅದು ಪೂರಾ ಹೋಗುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಆಯಿ, ಬರ್ತೀನ್ರಿ," ಎಂದು ಅತ್ತೆಗೆ ಹೇಳಿ ಬಸ್ಸಿಗೆ ಹೋದಳು.

ಭಾವ ತಂಬಿಗೆ ಹಿಡಿದು ಹೊರಗೆ ಬಂದವರು ತಂತಿಯ ಮುಂದೆ ನಿಂತರು. ಬಾಯಿ ತೆರೆದರು. ಅತ್ತೆ ಕಂಬಳಿಯ ಮೇಲಿಂದಲೇ, "ಎಲ್ಲಿ ಬೇಕಲ್ಲಿ ಅಂದಿದ್ದಿ," ಎಂದರು. ಭಾವ ಬಾಯಿ ಮುಚ್ಚಿಕೊಂಡು ತಿರುಗಿ ಒಳಗೆ ನಡೆದರು, ನಡುಮನೆ ಹಾದು ಹಿತ್ತಲ ಬಾಗಿಲು ತೆಗೆದರು.

ಆವತ್ತಿನಿಂದ ತಿಂಗಳ ಆ ದಿನಗಳಲ್ಲಿ ಅವರು ಹೊರಗೆ ಹೋಗುವ ದಾರಿ ಹಿತ್ತಲು. ಆ ಕಡೆ ದಾರಿ ಎಂದರೆ ಒಂದು ಮಗ್ಗುಲಿಗೆ ತಿಪ್ಪೆ, ಇನ್ನೊಂದು ಮಗ್ಗುಲಿಗೆ ಚೀಲಗಳು, ನಡುವೆ ಒಂದು ಆಳು ಅಡ್ಡಾಗಿ ನುಸುಳುವಷ್ಟು ಜಾಗ. ಧೋತರ ಮೇಲೆತ್ತಿ, ಹೊಟ್ಟೆ ಒಳಗೆಳೆದುಕೊಂಡು, ಎರಡಕ್ಕೂ ತಾಗದಂತೆ ಹೋಗುತ್ತಾರೆ. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಚೀಲಗಳು ಉಬ್ಬಿ, ಆ ಜಾಗ ಇನ್ನೂ ಸಣ್ಣದಾಯಿತು.

ಸೊಸೆ ಪರೀಕ್ಷೆ ಬರೆದಳು. ಪ್ರಾಕ್ಟಿಕಲ್ ದಿನ ಅವಳು ಮುಟ್ಟಾಗಿದ್ದಳು, ಆದರೂ ಹೋದಳು.

ಮೊನ್ನೆ ಭಾವ ಕೆಸರಾದ ಕಾಲು ತೊಳೆಯುತ್ತಾ ಅತ್ತೆಯ ಹತ್ತಿರ ಕೇಳಿದರು, ಮುಖ ನಮ್ಮ ಕಡೆ ಇರಲಿಲ್ಲ.

"ಯವ್ವಾ, ಆ ಚೀಲ ಎಲ್ಲ್ಯಾರ ಒಗೀರಿ ಅಂತ ಹೇಳ ಇವರಿಗಿ. ನಡೀಲಾಕ ಬರವಲ್ದು."

"ಎಲ್ಲಿ ಒಗೀಬೇಕು, ನೀನ ಹೇಳಪಾ. ಜಾಗಾ ಗೊತ್ತಿದ್ರ ನಾವು ತಿಪ್ಪ್ಯಾಗ ಯಾಕ ಹುಗೀತಿದ್ವಿ?"

ಭಾವ ಬಹಳ ಹೊತ್ತು ಕಾಲು ತೊಳೆದರು. ನೀರು ಮುಗಿಯಿತು. ಒದ್ದೆ ಕಾಲಲ್ಲೇ ಒಳಗೆ ಹೋದರು. ಚೀಲಗಳು ಅಲ್ಲೇ ಇವೆ.